ಹಾರ್ಬರ್ ತೋಡಿದರು, ಪೋರ್ಟ್ ಉದ್ಘಾಟಿಸಿದರು

ಪಣಂಬೂರಿನ ಕಡಲ ತಡಿಯಲ್ಲಿ ಕೆಲಸ ಶುರುವಾದಾಗ ಅದಕ್ಕಿದ್ದ ಹೆಸರು ‘ಮಂಗಳೂರು ಹಾರ್ಬರ್ ಪ್ರಾಜೆಕ್ಟ್’. 1960ರ ದಶಕದ ಕಡತಗಳಲ್ಲೂ ಎಂಜಿನಿಯರುಗಳ ಹುದ್ದೆಯಲ್ಲೂ ಇದ್ದದ್ದು ಹಾರ್ಬರ್. ಕೆಲಸ ಮುಗಿಯುತ್ತ ಬಂದಂತೆ ಹೆಸರು ಬದಲಾಯಿತು. 1974ರ ಮೇ 4ರಂದು ಕೇಂದ್ರ ಸರಕಾರ ಅದನ್ನು ದೇಶದ ಒಂಬತ್ತನೆಯ ‘ಮೇಜರ್ ಪೋರ್ಟ್’ ಎಂದು ಘೋಷಿಸಿತು. 1975ರ ಜನವರಿ 11ರಂದು ಇಂದಿರಾ ಗಾಂಧಿಯವರು ಬಂದು ಉದ್ಘಾಟಿಸಿದ್ದು ‘ನ್ಯೂ ಮಂಗಳೂರು ಪೋರ್ಟ್’ ಅನ್ನು. ಇದಕ್ಕಾಗಿ ದೆಹಲಿಯಲ್ಲಿ ಪಟ್ಟು ಹಿಡಿದು ಕೂತಿದ್ದ ಸಂಸದ ಯು. ಶ್ರೀನಿವಾಸ ಮಲ್ಯರು 1965ರಲ್ಲೇ ತೀರಿಕೊಂಡಿದ್ದರು. ಅವರ ಪಾಲಿಗೆ ಅದು ಕೊನೆವರೆಗೂ ಹಾರ್ಬರ್ ಆಗಿಯೇ ಉಳಿಯಿತು ಎನ್ನಬೇಕು.

ಕನ್ನಡದಲ್ಲಿ ಓದುವವರಿಗೆ ಈ ಬದಲಾವಣೆ ಗೊತ್ತಾಗುವುದೇ ಇಲ್ಲ. ಮೊದಲೂ ಬಂದರು, ಆಮೇಲೂ ಬಂದರು. ಶಾಲೆಯ ಇಂಗ್ಲಿಷ್ ಪಾಠದಲ್ಲೂ ಪೋರ್ಟ್ ಅಂದರೆ ಬಂದರು, ಹಾರ್ಬರ್ ಅಂದರೂ ಬಂದರು ಎಂದು ಬರೆಸಿ ಮುಂದಕ್ಕೆ ಹೋಗುತ್ತಾರೆ. ಬೇರೆ ಊರಿನ ಮಕ್ಕಳಿಗೆ ಅಷ್ಟು ಸಾಕೇನೋ. ಮಂಗಳೂರಿನವರಿಗೆ ಸಾಲದು. ಎರಡೂ ಪದಗಳು ಬೇರೆ ಬೇರೆಯಾಗಿ ಕಣ್ಣಿಗೆ ಕಾಣುವ ಊರು ಇದು.

ವ್ಯತ್ಯಾಸ ಇಷ್ಟು. ಹಾರ್ಬರ್ ನೀರಿಗೆ ಸಂಬಂಧಪಟ್ಟ ಮಾತು. ಗಾಳಿ, ಅಲೆ, ಸೆಳೆತಗಳಿಂದ ಮರೆಯಾಗಿ, ಹಡಗು ಲಂಗರು ಹಾಕಿ ನೆಮ್ಮದಿಯಿಂದ ನಿಲ್ಲುವಷ್ಟು ಆಳವಿರುವ ನೀರು ಅದು. ಗುಡ್ಡವೋ ದ್ವೀಪವೋ ನದಿಯ ತಿರುವೋ ಆ ಮರೆಯನ್ನು ತಾನಾಗಿ ಕೊಟ್ಟಿರಬಹುದು, ಇಲ್ಲವೇ ಮನುಷ್ಯ ಕಲ್ಲು ಸುರಿದು ಮಾಡಿರಬಹುದು. ಪೋರ್ಟ್ ವ್ಯವಹಾರಕ್ಕೆ ಸಂಬಂಧಪಟ್ಟ ಮಾತು. ಸರಕು ಏರಿಳಿಯುವ ಕಟ್ಟೆ, ಕ್ರೇನು, ಗೋದಾಮು, ಕಸ್ಟಮ್ಸ್, ಸುಂಕ, ರೈಲು, ಲಾರಿ, ಕೂಲಿ, ಏಜೆಂಟರು, ಇಷ್ಟೆಲ್ಲ ಸೇರಿದರೆ ಪೋರ್ಟ್. ಒಂದು ಸೂರು, ಇನ್ನೊಂದು ಸಂತೆ. ಸೂರಿನಡಿ ಸಂತೆ ಕೂಡಬಹುದು, ಬಯಲಲ್ಲೂ ಕೂಡಬಹುದು. ಸಂತೆಯೇ ಇಲ್ಲದ ಸೂರುಗಳೂ ಬೇಕಾದಷ್ಟಿವೆ.

ಹುಟ್ಟಿನಲ್ಲೇ ಈ ಪದಗಳ ದಾರಿ ಬೇರೆ. ಹಾರ್ಬರ್ ಜರ್ಮಾನಿಕ್ ಮೂಲದ್ದು. ಸೈನ್ಯ ಮತ್ತು ಆಸರೆ ಎಂಬ ಅರ್ಥದ ಎರಡು ತುಂಡುಗಳು ಕೂಡಿ ಆದ ಪದ. ಮೊದಲಿಗೆ ದಂಡು ತಂಗುವ ಬೀಡು, ಆಮೇಲೆ ದಾರಿಹೋಕರ ತಂಗುದಾಣ, ಕೊನೆಗೆ ಹಡಗಿನ ಆಸರೆ. ಜರ್ಮನ್ನಿನಲ್ಲಿ ಇದರ ಸೋದರ ಪದ ‘ಹೆರ್ಬೆರ್ಗೆ’ಗೆ ಇವತ್ತಿಗೂ ಛತ್ರ, ತಂಗುಮನೆ ಎಂದೇ ಅರ್ಥ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳಿಗೆ ಅದು ಮನೆಮಾತಿನ ಪದ. ಪೋರ್ಟ್ ಲ್ಯಾಟಿನ್ ಮೂಲದ್ದು. ಬಾಗಿಲು ಎಂಬ ಅರ್ಥದ ‘ಪೋರ್ತಾ’ ಅದರ ಒಡಹುಟ್ಟು. ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಜಾಗ ಎಂಬುದು ಎರಡರ ತಳದಲ್ಲೂ ಇದೆ. ನಮ್ಮ ಕರಾವಳಿಯವರು ನದಿ ಕಡಲಿಗೆ ಸೇರುವಲ್ಲಿ ‘ಅಳಿವೆ ಬಾಗಿಲು’ ಎನ್ನುತ್ತಾರಲ್ಲ, ಲ್ಯಾಟಿನ್ನಿನವರು ಕಂಡದ್ದೂ ಅದನ್ನೇ.

ಈಗ ಮಂಗಳೂರಿನ ಹಳೆ ಬಂದರಿಗೆ ಬರೋಣ. ಆರನೆಯ ಶತಮಾನದ ಗ್ರೀಕ್ ವ್ಯಾಪಾರಿ ಕಾಸ್ಮಾಸ್ ಮೆಣಸು ರಫ್ತಾಗುವ ಪಟ್ಟಣಗಳ ಪಟ್ಟಿಯಲ್ಲಿ ‘ಮಂಗರೂತ್’ ಅನ್ನು ಸೇರಿಸಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಹದಿನೇಳು ವರ್ಷದಷ್ಟು ಕಾಲ ಇಲ್ಲೇ ನೆಲೆಸಿ, ಏಡನ್ನಿಗೂ ಕೈರೋಗೂ ಕಾಗದ ಬರೆಯುತ್ತ ವ್ಯಾಪಾರ ನಡೆಸಿದ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತನ ವರ್ಣನೆಯಂತೂ ನಮ್ಮ ಪಾಠಕ್ಕೆ ಹೇಳಿ ಬರೆಸಿದಂತಿದೆ. ಮಲಬಾರಿನಲ್ಲೇ ದೊಡ್ಡ ಹಿನ್ನೀರ ಚಾಚು ಇಲ್ಲಿದೆ ಎಂದು ಮೊದಲು ನೀರಿನ ಮಾತು ಆಡುತ್ತಾನೆ. ಫಾರ್ಸ್ ಮತ್ತು ಯಮನ್ ದೇಶದ ವರ್ತಕರು ಇಲ್ಲಿ ಇಳಿಯುತ್ತಾರೆ, ಮೆಣಸು ಶುಂಠಿ ಹೇರಳ ಎಂದು ಆಮೇಲೆ ಸರಕಿನ ಮಾತಿಗೆ ಬರುತ್ತಾನೆ. ಮೊದಲನೆಯದು ಹಾರ್ಬರ್, ಎರಡನೆಯದು ಪೋರ್ಟ್.

ಆದರೆ ಕಾಲ ಕಳೆದಂತೆ ಹಡಗುಗಳು ದೊಡ್ಡವಾದವು, ಹಾರ್ಬರ್ ದೊಡ್ಡದಾಗಲಿಲ್ಲ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಒಟ್ಟಾಗಿ ಕಡಲು ಸೇರುವ ಜಾಗ ಅದು. ಕಡಲಿಗೂ ಹೊಳೆಗೂ ನಡುವೆ ಬೆಂಗರೆಯ ಮರಳ ನಾಲಗೆ ಅಡ್ಡ ಮಲಗಿದೆ. ಒಳಗೆ ಬಂದ ದೋಣಿಗೆ ಅದು ಒಳ್ಳೆಯ ಮರೆ, ಸಂಶಯವಿಲ್ಲ. ಆದರೆ ಒಳಗೆ ಬರುವುದೇ ಕಷ್ಟ. ಅಳಿವೆಯಲ್ಲಿ ಹೂಳು ತುಂಬಿ ನೀರು ತೆಳುವಾಗುತ್ತದೆ. ಉಗಿಹಡಗುಗಳ ಕಾಲದಲ್ಲಿ ಸ್ಟೀಮರು ತೆರೆದ ಕಡಲಲ್ಲೇ ದೂರ ನಿಲ್ಲುತ್ತಿತ್ತು. ಹಂಚು, ಕಾಫಿ, ಗೇರುಬೀಜದ ಸರಕು ಸಣ್ಣ ದೋಣಿಗಳಲ್ಲಿ ಅಲ್ಲಿಯವರೆಗೆ ಹೋಗಿ ಏರಬೇಕು. ಮಳೆಗಾಲ ಬಂತೆಂದರೆ ಅದೂ ಬಂದ್. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಶುರು ಮಾಡಿದ ಕಾರ್ಖಾನೆಯ ದಾರಿ ಹಿಡಿದು ಬೆಳೆದ ಹಂಚಿನ ಉದ್ಯಮ ಕಡಲಾಚೆಗೂ ಹೆಸರು ಮಾಡಿದ್ದು ಇಂಥ ಅಳಿವೆಯ ಮೂಲಕ. ಪೋರ್ಟ್ ಆಗಿ ಮಂಗಳೂರು ದೊಡ್ಡ ಹೆಸರು. ಹಾರ್ಬರ್ ಆಗಿ ಸಾಧಾರಣ, ದೊಡ್ಡ ಹಡಗಿನ ಮಟ್ಟಿಗೆ ಇಲ್ಲವೆಂದೇ ಲೆಕ್ಕ.

ಕಾರವಾರದ ಕಥೆ ಇದಕ್ಕೆ ಸರಿಯಾಗಿ ಉಲ್ಟಾ. ಗುಡ್ಡಗಳ ಮರೆ, ಮುಂದೆ ದ್ವೀಪಗಳ ಸಾಲು, ಒಳ್ಳೆಯ ಆಳ, ಕೊಲ್ಲಿ ಅಂದರೆ ಅಂಥದ್ದಿರಬೇಕು. ಬ್ರಿಟಿಷರು 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರದಿಂದ ಹತ್ತಿ ಸಾಗಿಸುವ ಆಸೆಯಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಬರಬೇಕಿತ್ತು. ರೈಲು ಮಾತ್ರ ಕಾರವಾರಕ್ಕೆ ಬರಲಿಲ್ಲ. 1880ರ ದಶಕದಲ್ಲಿ ಅದು ಪೋರ್ಚುಗೀಸರ ಮರ್ಮಗೋವಾಕ್ಕೆ ಹೋಯಿತು, ಸರಕೂ ಅದರ ಬೆನ್ನು ಹಿಡಿಯಿತು. ಕೊಲ್ಲಿ ಇದ್ದ ಹಾಗೇ ಇತ್ತು, ಒಂದು ಅಡಿ ಆಳವೂ ಕಡಿಮೆಯಾಗಿರಲಿಲ್ಲ. ಮುಗ್ಗರಿಸಿದ್ದು ಪೋರ್ಟ್. ಕೊನೆಗೆ ಆ ಮರೆಯ ಬೆಲೆ ಗೊತ್ತಾದದ್ದು ನೌಕಾಪಡೆಗೆ. ಸೀಬರ್ಡ್ ಯೋಜನೆಯಡಿ 2005ರಲ್ಲಿ ಐಎನ್‌ಎಸ್ ಕದಂಬ ನೆಲೆ ಅಲ್ಲಿ ಶುರುವಾಯಿತು. ಯುದ್ಧನೌಕೆಗೆ ಬೇಕಾದದ್ದು ಆಸರೆ, ಸಂತೆಯಲ್ಲ. ಅಮೆರಿಕದ ನೌಕಾನೆಲೆಯ ಹೆಸರೂ ಪರ್ಲ್ ಹಾರ್ಬರ್ ಎಂಬುದನ್ನು ಇಲ್ಲಿ ನೆನೆಯಬಹುದು.

ಪಣಂಬೂರಿಗೆ ದೇವರು ಹಾರ್ಬರ್ ಕೊಟ್ಟಿರಲಿಲ್ಲ. ನೆಟ್ಟನೆಯ ಮರಳ ದಂಡೆ, ಕೊಲ್ಲಿಯಿಲ್ಲ, ಗುಡ್ಡದ ಮರೆಯಿಲ್ಲ. ಹಾಗಾಗಿ ನೆಲವನ್ನೇ ಅಗೆದು ಒಳಗೆ ಕೊಳ ಮಾಡಿದರು. ಎಂಜಿನಿಯರುಗಳು ಇದನ್ನು ಲಗೂನ್ ಮಾದರಿ ಎನ್ನುತ್ತಾರೆ. ಕೊಳದ ಬಾಯಿಗೆ ಎರಡೂ ಕಡೆ ಕಲ್ಲಿನ ಅಲೆತಡೆಗೋಡೆ ಚಾಚಿದರು. ದೊಡ್ಡ ಹಡಗು ಬರಲು ಕಡಲ ತಳದಲ್ಲಿ ಸುಮಾರು ಏಳೂವರೆ ಕಿಲೋಮೀಟರ್ ಉದ್ದದ ಕಾಲುವೆ ಕೊರೆದರು. ಪ್ರತಿ ಮಳೆಗಾಲ ಅದರೊಳಗೆ ಹೂಳು ತಂದು ತುಂಬುತ್ತದೆ, ಡ್ರೆಜ್ಜರು ಬಂದು ಎತ್ತುತ್ತದೆ. ಇದು ಮುಗಿಯದ ಕೆಲಸ. ಆ ಜಾಗದಲ್ಲಿದ್ದ ಮನೆಗಳು ಎದ್ದು ಕಾಟಿಪಳ್ಳ, ಕೃಷ್ಣಾಪುರದ ಕಡೆ ಹೋದವು. ಹಡಗಿಗೆ ಸೂರು ಮಾಡಲು ಮನುಷ್ಯರ ಸೂರು ತೆಗೆದದ್ದನ್ನು ಆ ಕಡೆಯ ಹಳಬರು ಇನ್ನೂ ಮರೆತಿಲ್ಲ. ಈ ತೋಡುವ, ಕಟ್ಟುವ ಕಾಲವೆಲ್ಲ ‘ಹಾರ್ಬರ್ ಪ್ರಾಜೆಕ್ಟ್’. ನೀರು ತಯಾರಾದ ಮೇಲೆ ಸರಕಾರದ ಘೋಷಣೆ, ಗಡಿ, ದರಪಟ್ಟಿ, ಅಧಿಕಾರಿಗಳು ಬಂದರು. ಆಗ ಅದು ಪೋರ್ಟ್. ಹೆಸರಿಟ್ಟವರು ಇದನ್ನು ಯೋಚಿಸಿಯೇ ಇಟ್ಟರೋ ಇಂಗ್ಲಿಷಿನ ರೂಢಿಯಿಂದ ತಾನಾಗಿ ಬಂತೋ, ಅಂತೂ ಎರಡು ಪದಗಳೂ ತಂತಮ್ಮ ಜಾಗದಲ್ಲಿ ಕೂತವು.

ಹಾಗೆ ಕೂತ ಮೇಲೆ ಎರಡರ ಅದೃಷ್ಟವೂ ಬೇರೆ ಬೇರೆ. ಕುದುರೆಮುಖದ ಕಬ್ಬಿಣದ ಅದಿರು ಕೊಳವೆಯಲ್ಲಿ ಕೆಸರಾಗಿ ಹರಿದು ಪಣಂಬೂರಿಗೆ ಬರುತ್ತಿದ್ದ ಕಾಲವಿತ್ತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದರಿಂದ ಹಾರ್ಬರಿಗೆ ಏನೂ ಆಗಲಿಲ್ಲ, ಪೋರ್ಟಿನ ಲೆಕ್ಕಪುಸ್ತಕ ಬದಲಾಯಿತು. ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು, ಕಂಟೈನರುಗಳು ಮುಂದೆ ಬಂದವು. ಇನ್ನೊಂದು ಕಡೆ, ಒಂದು ವರ್ಷ ಹೂಳೆತ್ತದಿದ್ದರೆ ಪೋರ್ಟಿನ ಕಚೇರಿ, ಕ್ರೇನು, ಗೋದಾಮುಗಳಿಗೆ ಏನೂ ಆಗದು, ಕೆಡುವುದು ಹಾರ್ಬರ್. ಸಂತೆಯನ್ನು ಮಾರುಕಟ್ಟೆ ಕೆಡಿಸುತ್ತದೆ, ಸೂರನ್ನು ಮರಳು.

ಪಣಂಬೂರಿನ ಕಚೇರಿಯೊಳಗೂ ಈ ಗಡಿ ಇದೆ. ಹಡಗನ್ನು ಒಳಗೆ ತರುವುದು, ಪೈಲಟ್ ಕಳಿಸುವುದು, ಟಗ್ಗು, ಆಳ, ಭರತ ಇಳಿತ, ಇದೆಲ್ಲ ಮೆರೀನ್ ವಿಭಾಗದ ಪಾಲು. ಅಲ್ಲಿರುವ ಅಧಿಕಾರಿಯ ಹೆಸರು ಹಾರ್ಬರ್ ಮಾಸ್ಟರ್. ಹಡಗು ಕಟ್ಟೆಗೆ ಕಟ್ಟಿದ ಮೇಲೆ ಸರಕು ಇಳಿಸುವುದು, ಇಡುವುದು, ಸಾಗಿಸುವುದು ಟ್ರಾಫಿಕ್ ಮ್ಯಾನೇಜರರ ಪಾಲು. ಇವರೆಲ್ಲರ ಮೇಲಿರುವ ಸಂಸ್ಥೆ ಮಾತ್ರ ಪೋರ್ಟ್. 1980ರಿಂದ ಪೋರ್ಟ್ ಟ್ರಸ್ಟ್, 2021ರ ಕಾಯ್ದೆಯ ನಂತರ ಪೋರ್ಟ್ ಅಥಾರಿಟಿ. ‘ಹಾರ್ಬರ್ ಅಥಾರಿಟಿ’ ಎಂದು ಯಾರೂ ಹೇಳಿದ್ದು ಇಲ್ಲಿ ಕೇಳಿಲ್ಲ. ‘ಮೇಜರ್’ ಎಂಬುದು ಗಾತ್ರದ ಮಾತಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೇಂದ್ರ ಸರಕಾರದ ಕೈಯಲ್ಲಿದ್ದರೆ ಮೇಜರ್, ರಾಜ್ಯದ ಕೈಯಲ್ಲಿದ್ದರೆ ಅಲ್ಲ. ನಮ್ಮ ಹಳೆ ಬಂದರು ರಾಜ್ಯದ್ದು.

ಸಂಜೆ ಪಣಂಬೂರು ಬೀಚಿಗೆ ಹೋದವರು ದೂರದಲ್ಲಿ ಸಾಲಾಗಿ ನಿಂತ ಹಡಗುಗಳನ್ನು ನೋಡಿರುತ್ತೀರಿ. ಅವು ಬಂದರಿಗೆ ಬಂದಿವೆಯೋ ಇಲ್ಲವೋ? ಕೇಳಲು ಮಕ್ಕಳಾಟದಂತಿದೆ. ಆದರೆ ಹಡಗಿನ ವ್ಯವಹಾರದಲ್ಲಿ ಇದರ ಉತ್ತರದ ಮೇಲೆ ದೊಡ್ಡ ಮೊತ್ತದ ಹಣ ನಿಂತಿರುತ್ತದೆ. ಅಲೆತಡೆಗೋಡೆಯ ಹೊರಗಿರುವುದರಿಂದ ಅವು ಹಾರ್ಬರಿನಲ್ಲಿಲ್ಲ. ಪೋರ್ಟಿನ ಗಡಿಯನ್ನು ಮಾತ್ರ ಸರಕಾರ ನಕಾಶೆಯಲ್ಲಿ ಗೆರೆ ಎಳೆದು ನಿಗದಿ ಮಾಡುತ್ತದೆ, ಆ ಗೆರೆ ತೆರೆದ ಕಡಲಿನೊಳಕ್ಕೂ ಹೋಗುತ್ತದೆ. ಗೆರೆಯೊಳಗೆ ಲಂಗರು ಹಾಕಿದ ಹಡಗು ಕಟ್ಟೆ ಮುಟ್ಟದಿದ್ದರೂ ಪೋರ್ಟಿನಲ್ಲಿದೆ. ಹಡಗನ್ನು ಬಾಡಿಗೆಗೆ ಹಿಡಿದವರು ಸರಕು ಇಳಿಸಲು ಇಷ್ಟು ದಿನ ಎಂದು ಒಪ್ಪಂದ ಮಾಡಿರುತ್ತಾರೆ. ಆ ಗಡಿಯಾರ ಯಾವಾಗ ಓಡಲು ಶುರುವಾಗಬೇಕು? 1973ರಲ್ಲಿ ‘ಜೊಹಾನಾ ಓಲ್ಡೆನ್‌ಡಾರ್ಫ್’ ಎಂಬ ಹಡಗಿನ ಪ್ರಕರಣದಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು ಹೀಗೆ: ಪೋರ್ಟಿನ ಗಡಿಯೊಳಗೆ, ಬಾಡಿಗೆದಾರರ ಕೈಗೆ ತಕ್ಷಣ ಸಿಗುವಂತೆ ಕಾಯುತ್ತ ನಿಂತಿದ್ದರೆ ಅದು ಬಂದ ಹಡಗೇ. ನೀರು ಶಾಂತವೋ ಅಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಆಗಲಿಲ್ಲ.

ನೀರೇ ಇಲ್ಲದ ಪೋರ್ಟ್ ಕೂಡ ಉಂಟು. ಬೆಂಗಳೂರಿನಲ್ಲಿ 1981ರಲ್ಲಿ ದೇಶದ ಮೊದಲ ಒಳನಾಡು ಕಂಟೈನರ್ ಡಿಪೊ ಶುರುವಾಯಿತು. ಈಗ ಅದು ವೈಟ್‌ಫೀಲ್ಡಿನಲ್ಲಿದೆ. ಕಡಲಿಂದ ನೂರಾರು ಕಿಲೋಮೀಟರ್ ದೂರ, ಆದರೂ ಕಸ್ಟಮ್ಸ್ ತಪಾಸಣೆ, ಮೊಹರು, ಕಾಗದಪತ್ರ ಎಲ್ಲ ಅಲ್ಲೇ. ಇಂಥದ್ದಕ್ಕೆ ‘ಡ್ರೈ ಪೋರ್ಟ್’ ಎನ್ನುತ್ತಾರೆ. ‘ಡ್ರೈ ಹಾರ್ಬರ್’ ಅಂದರೆ ನಗುತ್ತಾರೆ. ಬಜಪೆಯದ್ದು ಏರ್‌ಪೋರ್ಟ್ ಆದದ್ದೂ ಇದೇ ಕಾರಣಕ್ಕೆ. ಪಾಸ್‌ಪೋರ್ಟಿನಲ್ಲೂ ದಾಟುವ ಬಾಗಿಲೇ ಇದೆ. ಮೊಬೈಲ್ ನಂಬರ್ ‘ಪೋರ್ಟ್’ ಮಾಡಿಸುವುದು ಹೊತ್ತೊಯ್ಯುವುದು ಎಂಬ ಅರ್ಥದ ಇನ್ನೊಂದು ನೆಂಟ ಪದದಿಂದ ಬಂದದ್ದು, ಅದನ್ನು ಇಲ್ಲಿಗೆ ಎಳೆಯುವುದು ಬೇಡ.

ನಿಘಂಟಿನ ಕನ್ನಡಕ್ಕೆ ಒಂದೇ ‘ಬಂದರು’ ಇರುವುದು ನಿಜ. ಅದು ಪಾರಸಿಯಿಂದ ಬಂದ ಪದ, ಇರಾನಿನ ಬಂದರ್ ಅಬ್ಬಾಸ್‌ನಲ್ಲಿ ಇರುವುದೇ ಇದು. ಆದರೆ ಮಂಗಳೂರಿನ ಬಾಯಿಯಲ್ಲಿ ಬೇರೆಯೇ ವ್ಯವಸ್ಥೆ ಇದೆ. ‘ಬಂದರಿಗೆ ಹೋಗಿ ಬರ್ತೇನೆ’ ಎಂದ ಅಂಗಡಿಯವರು ಹಡಗು ನೋಡಲು ಹೊರಟವರಲ್ಲ. ಅವರು ಹೊರಟದ್ದು ಸಗಟು ವ್ಯಾಪಾರದ ಬೀದಿಗಳಿಗೆ, ದಿನಸಿ, ಒಣಮೆಣಸು, ಹಗ್ಗ, ಲೆಕ್ಕಾಚಾರದ ಕಡೆಗೆ. ‘ಧಕ್ಕೆಗೆ ಹೋಗ್ತೇನೆ’ ಎಂದವರು ಹೊರಟದ್ದು ಬೋಟು ನಿಲ್ಲುವ ಕಡೆಗೆ, ಮೀನಿಗೆ. ಎರಡೂ ಅಕ್ಕಪಕ್ಕದ ಜಾಗಗಳು. ಧಕ್ಕೆ ಎಂದರೆ ಕಟ್ಟೆ ಅಷ್ಟೆ, ಹಾರ್ಬರಿಗೆ ಅದು ತಕ್ಕ ಪದವಲ್ಲ ಎಂದು ಭಾಷಾಪಂಡಿತರು ಹೇಳಿಯಾರು. ಬಳಕೆಯಲ್ಲಿ ಮಾತ್ರ ಊರವರು ಸಂತೆಗೆ ಒಂದು ಹೆಸರು, ಬೋಟಿನ ಬೀಡಿಗೆ ಒಂದು ಹೆಸರು ಇಟ್ಟುಕೊಂಡಿದ್ದಾರೆ. ಹಳಗನ್ನಡ ಕಾಲದ ವರ್ತಕರಿಗೂ ಇಂಥ ಭೇದ ಗೊತ್ತಿತ್ತು. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ಶಾಸನಗಳು ಊರುಗಳ ಬಗೆ ಎಣಿಸುವಾಗ ಪಟ್ಟಣವನ್ನೂ ಹೊಳೆಯ ಬಾಯಿಯ ಊರಾದ ದ್ರೋಣಾಮುಖವನ್ನೂ ಬೇರೆ ಬೇರೆಯಾಗಿ ಎಣಿಸುತ್ತವೆ.

ಧಕ್ಕೆಗೆ ಸರಕಾರಿ ಇಂಗ್ಲಿಷಿನಲ್ಲಿ ‘ಫಿಶಿಂಗ್ ಹಾರ್ಬರ್’. ಅಲ್ಲೂ ಏಲಂ ಕೂಗುತ್ತಾರೆ, ಮಂಜುಗಡ್ಡೆ, ಡೀಸೆಲ್, ಲಾರಿ ಎಲ್ಲ ಇವೆ, ಹಾಗಿದ್ದ ಮೇಲೆ ಅದೂ ಪೋರ್ಟ್ ಆಗಬೇಕಲ್ಲ ಎಂದು ಕೇಳಬಹುದು. ಕೆಲವು ದೇಶಗಳಲ್ಲಿ ಹಾಗೇ ಕರೆಯುತ್ತಾರೆ. ನಮ್ಮ ಮೀನುಗಾರಿಕೆ ಇಲಾಖೆಗಳ ಲೆಕ್ಕ ಬೇರೆ. ಬೋಟು ಮರೆಯಲ್ಲಿ ನಿಲ್ಲುವ ಜಾಗವಾದರೆ ‘ಹಾರ್ಬರ್’, ಬರೀ ಮೀನು ಇಳಿಸುವ ದಡವಾದರೆ ‘ಫಿಶ್ ಲ್ಯಾಂಡಿಂಗ್ ಸೆಂಟರ್’. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ಧಕ್ಕೆಯಲ್ಲಿ ಏಲಮ್ಮಿನ ಗದ್ದಲ ಇಳಿದು, ಬೋಟುಗಳು ಒಂದಕ್ಕೊಂದು ತಾಗಿಕೊಂಡು ಗುರುಪುರ ಹೊಳೆಯುದ್ದಕ್ಕೂ ನಿಂತಿರುತ್ತವೆ. ಸಂತೆ ಇಳಿದಾಗಲೂ ಬೇಕಾಗುವುದು ಆ ನೀರು. ಮಳೆಗಾಲದಲ್ಲೂ ಕಡಲಿಗಿಳಿಯುವ ನಾಡದೋಣಿಯವರಿಗಾಗಿ ಕುಳಾಯಿಯಲ್ಲಿ ಕೈಗೆತ್ತಿಕೊಂಡ ಮೀನುಗಾರಿಕಾ ಬಂದರಿನ ತಕರಾರನ್ನೇ ನೋಡಿ. ಮೀನುಗಾರರ ತಕರಾರು ಮಾರುಕಟ್ಟೆ ಕಟ್ಟಡದ್ದಲ್ಲ, ಅಲೆತಡೆಗೋಡೆಯದು. ಗೋಡೆ ಸರಿಯಾಗಿ ಮರೆ ಕೊಡದಿದ್ದರೆ ಮಿಕ್ಕಿದ್ದೆಲ್ಲ ಇದ್ದೂ ಅದು ಹಾರ್ಬರ್ ಅಲ್ಲ ಎಂಬ ವಾದ. ಪದದ ಅರ್ಥ ತಿಳಿದವರು ಆಡುವ ಮಾತು ಅದು.

ಅನುವಾದದಲ್ಲಿ ಎಡವುವುದು ಕಾನೂನಿನ ಹೊತ್ತಿಗೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 79ನೇ ಸೆಕ್ಷನ್ ಜಾಲತಾಣದ ಕಂಪೆನಿಗಳಿಗೆ ಕೊಡುವ ರಕ್ಷಣೆಗೆ ‘ಸೇಫ್ ಹಾರ್ಬರ್’ ಎನ್ನುತ್ತಾರೆ. ಬಳಕೆದಾರರು ಬರೆದದ್ದಕ್ಕೆ, ಕೆಲವು ಷರತ್ತಿಗೊಳಪಟ್ಟು, ಕಂಪೆನಿ ಹೊಣೆಯಲ್ಲ ಎಂಬುದು ಅದರ ತಿರುಳು. ಇದನ್ನು ‘ಸುರಕ್ಷಿತ ಬಂದರು’ ಎಂದು ಕನ್ನಡಕ್ಕಿಳಿಸಿದರೆ ಓದುಗ ಪಣಂಬೂರಿನ ಕಡೆ ನೋಡುತ್ತಾನೆ. ‘ಹೊಣೆಯಿಂದ ರಕ್ಷಣೆ’ ಎಂದರೆ ಮುಗಿಯಿತು. ಆರೋಪಿಗೆ ಆಸರೆ ಕೊಟ್ಟವರ ಮೇಲೆ ಹಿಂದೆ ಐಪಿಸಿ 212, ಈಗ ಭಾರತೀಯ ನ್ಯಾಯ ಸಂಹಿತೆಯ 249ನೇ ಸೆಕ್ಷನ್ ಹಾಕುತ್ತಾರಲ್ಲ, ಅಲ್ಲಿನ ಇಂಗ್ಲಿಷ್ ಪದವೂ ಹಾರ್ಬರ್. ಅನ್ನ, ಬಟ್ಟೆ, ಹಣ, ಓಡಿಹೋಗಲು ವಾಹನ ಕೊಡುವುದೂ ಅದರೊಳಗೆ ಬರುತ್ತದೆ. ಹಳೆಯ ತಂಗುಮನೆಯ ಅರ್ಥ ಪೊಲೀಸ್ ಠಾಣೆಯಲ್ಲಿ ಇನ್ನೂ ಬದುಕಿದೆ ಅನ್ನಿ. ಇನ್ನೊಂದು ಕಡೆ, ಹಡಗಿನ ಬಾಡಿಗೆ ಒಪ್ಪಂದಗಳಲ್ಲಿ ಬರುವ ‘ಸೇಫ್ ಪೋರ್ಟ್’ಗೂ ಆ ‘ಸೇಫ್ ಹಾರ್ಬರ್’ಗೂ ಸಂಬಂಧವಿಲ್ಲ. ಹಡಗು ಅಪಾಯವಿಲ್ಲದೆ ತಲುಪಿ, ಕೆಲಸ ಮುಗಿಸಿ, ಹೊರಟು ಹೋಗಲು ಆಗುವ ಜಾಗ ಎಂಬುದಷ್ಟೇ ಅಲ್ಲಿ ಲೆಕ್ಕ.

ಇಷ್ಟೆಲ್ಲ ಗೆರೆ ಎಳೆದ ಮೇಲೆ, ಇಂಗ್ಲಿಷರೇ ಅದನ್ನು ಅಲ್ಲಲ್ಲಿ ಅಳಿಸಿದ್ದಾರೆ ಎಂಬುದನ್ನು ಮುಚ್ಚಿಡಬಾರದು. ಬಿರುಗಾಳಿಯಲ್ಲಿ ಸಿಕ್ಕಿದ ಆಸರೆಯೇ ಸೈ ಎಂಬ ಅರ್ಥದ ಅವರ ಗಾದೆಯಲ್ಲಿ ಬರುವುದು ‘ಪೋರ್ಟ್’. ಸಮುದ್ರ ವಿಮೆಯವರು ಕೆಟ್ಟ ಹಡಗು ಹೋಗಿ ಸೇರುವ ಜಾಗಕ್ಕೆ ‘ಪೋರ್ಟ್ ಆಫ್ ರೆಫ್ಯೂಜ್’ ಎನ್ನುತ್ತಾರೆ. ಅಲ್ಲಿ ರಿಪೇರಿ, ಸರಕು ಇಳಿಸುವುದು, ಖರ್ಚು ಹಂಚಿಕೆ ಎಲ್ಲ ಇರುವುದರಿಂದ ಆ ಪದಕ್ಕೂ ಒಂದು ನ್ಯಾಯವಿದೆ ಎನ್ನೋಣ.

2022ರ ಜೂನ್ ತಿಂಗಳಲ್ಲಿ ಉಳ್ಳಾಲದ ಬಟ್ಟಪ್ಪಾಡಿಯ ಎದುರು ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗು ನೀರು ನುಗ್ಗಿ ಮುಳುಗಿತು. ಉಕ್ಕಿನ ಸುರುಳಿ ಹೊತ್ತು ಚೀನಾದಿಂದ ಲೆಬನಾನಿಗೆ ಹೊರಟಿದ್ದ ಹಡಗು. ಅದರಲ್ಲಿದ್ದ ಸಿರಿಯಾದ 15 ಮಂದಿಯನ್ನು ಕೋಸ್ಟ್ ಗಾರ್ಡ್ ಕಾಪಾಡಿತು. ಕೆಟ್ಟ ಹಡಗನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಕರಾವಳಿಯ ದೇಶಗಳಿಗೆಲ್ಲ ತಲೆನೋವು, ಎಣ್ಣೆ ಸೋರಿದರೆ ಎಂಬ ಭಯ. 2002ರಲ್ಲಿ ಸ್ಪೇನ್ ‘ಪ್ರೆಸ್ಟೀಜ್’ ಎಂಬ ತೈಲಹಡಗನ್ನು ದಡಕ್ಕೆ ಸೇರಿಸದೆ ದೂರ ಕಳಿಸಿತು. ಅದು ಕಡಲ ಮಧ್ಯೆ ತುಂಡಾಗಿ ಗಲೀಶಿಯಾದ ತೀರಕ್ಕೆಲ್ಲ ಎಣ್ಣೆ ಬಳಿಯಿತು. ಮರುವರ್ಷ ಅಂತಾರಾಷ್ಟ್ರೀಯ ಸಾಗರ ಸಂಸ್ಥೆ ಇದಕ್ಕೆಂದೇ ಮಾರ್ಗಸೂಚಿ ತಂದಿತು. ಅದರ ತಲೆಬರಹದಲ್ಲಿ ಪೋರ್ಟೂ ಇಲ್ಲ, ಹಾರ್ಬರೂ ಇಲ್ಲ. ‘ಪ್ಲೇಸ್ ಆಫ್ ರೆಫ್ಯೂಜ್’ ಎಂದು ಬರೆದರು. ಕಟ್ಟೆ ಇರಲಿ ಬಿಡಲಿ, ಗೋಡೆ ಇರಲಿ ಬಿಡಲಿ, ಹಡಗು ಮುಳುಗದೆ ನಿಂತು ಸುಧಾರಿಸಿಕೊಳ್ಳಲು ಆಗುವ ಒಂದು ಜಾಗ. ದ್ವೀಪದ ಮರೆಯೂ ಆಗಬಹುದು, ಹೊಳೆಯ ಬಾಯಿಯೂ ಆಗಬಹುದು.